ಬುಗ್ಗೆಮನೆಯ ನಾಲಿಗೆ

ಊರಿಗೆ ಹೆಸರು ತಂದದ್ದು ಬುಗ್ಗೆಯ ನೀರು. ಊರಿನವರು ಮಾತ್ರ ಅದನ್ನು ಬಾಯಿಗೆ ಹಾಕುತ್ತಿರಲಿಲ್ಲ. ತುಕ್ಕು ಹಿಡಿದ ಮೊಳೆ ನೆನೆಸಿಟ್ಟಂಥ ರುಚಿ. ಮಂಡಿನೋವು ಹೋಗುತ್ತದೆಂದು ದೂರದೂರದಿಂದ ಬಂದವರು ಮೂಗು ಹಿಡಿದುಕೊಂಡು ಕುಡಿಯುತ್ತಿದ್ದರು. ಊರಿನವರ ಪೈಕಿ ದಿನಾ ಕುಡಿಯುತ್ತಿದ್ದವನು ಒಬ್ಬನೇ, ಅದೂ ಸಂಬಳಕ್ಕೆ.

ಅವನನ್ನು ಎಲ್ಲರೂ ನಾಲಿಗೆಯಪ್ಪ ಎನ್ನುತ್ತಿದ್ದರು. ಬೆಳಗ್ಗೆ ಆರಕ್ಕೆ ಬುಗ್ಗೆಮನೆಯ ಬಾಗಿಲು ತೆಗೆದು, ಒಂದು ಲೋಟ ನೀರು ಹಿಡಿದು, ಬಾಯಲ್ಲಿ ಹೊರಳಾಡಿಸಿ ನುಂಗಿ, ರಿಜಿಸ್ಟರಿನಲ್ಲಿ ‘ರುಚಿ ಎಂದಿನಂತೆ’ ಎಂದು ಬರೆಯುವುದು ಅವನ ಕೆಲಸ. ಇಪ್ಪತ್ತೆಂಟು ವರ್ಷದಿಂದ ಇವೇ ಎರಡು ಪದ. ಅದರ ಜಂಬವನ್ನಂತೂ ಕೇಳಲೇಬೇಡಿ. ಮನೆಯಲ್ಲಿ ಹೆಂಡತಿ ಕೊಟ್ಟ ಟೀಯನ್ನೂ ಹಾಗೆಯೇ ಹೊರಳಾಡಿಸಿ, ಒಂದಲ್ಲ ಒಂದು ಹುಳುಕು ತೆಗೆಯದೆ ನುಂಗಿದವನಲ್ಲ.

ಅಂಥವನಿಗೆ ಒಂದು ಸೋಮವಾರ ನೆಗಡಿ ಬಂತು. ಮೂಗು ಕಟ್ಟಿತು, ನಾಲಿಗೆ ಮರದ ತುಂಡಾಯಿತು. ಯಾರಿಗೂ ಹೇಳಲಿಲ್ಲ. ನಾಲಿಗೆ ಹೋದ ನಾಲಿಗೆಯಪ್ಪನನ್ನು ಕೆಲಸದಲ್ಲಿ ಯಾರು ಇಟ್ಟುಕೊಳ್ಳುತ್ತಾರೆ? ‘ರುಚಿ ಎಂದಿನಂತೆ’ ಎಂದು ಕಣ್ಣು ಮುಚ್ಚಿಕೊಂಡು ಬರೆದ.

ಅದೇ ಸೋಮವಾರ ಹೆಂಡತಿಯ ತಮ್ಮ, ಊರಿನ ಪ್ಲಂಬರ್, ಬುಗ್ಗೆಮನೆಯ ಹಳೇ ಪೈಪು ಬದಲಾಯಿಸಿದ್ದ. ಆಮೇಲೆ ಬಂದವರೆಲ್ಲ ಮೂರು ಮೂರು ಲೋಟ ಕುಡಿದು, “ಎಂಥಾ ಸಿಹಿ ನೀರು ರೀ! ಮಂಡಿ ಆಗ್ಲೇ ಹಗುರ ಆಯ್ತು” ಎಂದರು. ನಾಲಿಗೆಯಪ್ಪ ಬುಗ್ಗೆಯನ್ನು ತಾನೇ ಹೆತ್ತವನಂತೆ ಬೀಗಿದ.

ಇತ್ತ ಮನೆಮನೆಯಲ್ಲೂ ಟೀ ಮಸಿಯಂತೆ ಕಪ್ಪಾಗುತ್ತಿತ್ತು. ಹೆಂಡತಿ ಟೀಪುಡಿ ಅಂಗಡಿಯವನ ಜೊತೆ ಜಗಳವಾಡಿ ಬಂದಳು. ಗುರುವಾರ ಆ ಕರಿ ಟೀಯನ್ನು ಹೆದರುತ್ತಲೇ ಗಂಡನ ಮುಂದಿಟ್ಟಳು. ಅವನು ಗಟಗಟ ಕುಡಿದು, “ಚೆನ್ನಾಗಿದೆ ಕಣೇ” ಎಂದ.

ಅವಳ ಕೈಯಲ್ಲಿದ್ದ ತಟ್ಟೆ ಕೆಳಗೆ ಬಿತ್ತು.

“ರೀ! ಮದುವೆ ಆದಾಗಿಂದ ಒಂದು ದಿನ ಚೆನ್ನಾಗಿದೆ ಅಂದೋರಲ್ಲ. ಈ ಮಸಿನೀರಿಗೆ ಅಂತೀರಾ? ನಾಲಿಗೆ ಹೋಗಿದ್ಯಾ?”

ಅವನು ತಲೆ ತಗ್ಗಿಸಿದ. ಅವಳು ಚಪ್ಪಲಿ ಮೆಟ್ಟಿಕೊಂಡು ನೇರ ಬುಗ್ಗೆಮನೆಗೆ ನಡೆದಳು. ಅವನು ಹಿಂದೆಯೇ ಓಡಿದ. ಅವಳು ಅಲ್ಲಿಯ ನೀರನ್ನು ಒಂದು ಗುಟುಕು ಕುಡಿದು ನೋಡಿದಳು.

“ಇದು ನಮ್ಮನೆ ನಲ್ಲಿ ನೀರು ಕಣ್ರೀ! ನನ್ನ ತಮ್ಮ ಪೈಪು ಅದಲುಬದಲು ಮಾಡಿದಾನೆ! ಬುಗ್ಗೆಯ ತುಕ್ಕುನೀರು ಮನೆಗೆ ಬಂದೇ ಟೀ ಕಪ್ಪಾಗಿರೋದು!”

ಸುದ್ದಿ ಕೇಳಿ ತಮ್ಮ ಓಡೋಡಿ ಬಂದ. “ಭಾವ, ಸದ್ದಿಲ್ದೆ ಸರಿ ಮಾಡ್ಬಿಡ್ತೀನಿ. ನೀವು ಬಾಯಿ ಬಿಡ್ಬೇಡಿ.”

ಬಾಯಿ ಬಿಡದಿದ್ದರೆ ಕೆಲಸ ಉಳಿಯುತ್ತಿತ್ತು. ಆದರೆ ರಿಜಿಸ್ಟರಿನಲ್ಲಿ ನಾಲ್ಕು ಸುಳ್ಳುಗಳು ಸಾಲಾಗಿ ಕೂತು ಅವನನ್ನೇ ನೋಡುತ್ತಿದ್ದವು. ಅವನಿಗೆ ಬಹಳ ನಾಚಿಕೆಯಾಯಿತು. ಪೆನ್ನು ತೆಗೆದು ಬರೆದ: ‘ನಾಲ್ಕು ದಿನದಿಂದ ನನಗೆ ರುಚಿ ತಿಳಿಯುತ್ತಿಲ್ಲ. ಬರೆದದ್ದು ಸುಳ್ಳು.’

ಮೇಲಧಿಕಾರಿ ಓದಿ ನಿಟ್ಟುಸಿರು ಬಿಟ್ಟರು. “ನಮ್ಮನೇಲೂ ಟೀ ಕಪ್ಪಾಗಿತ್ತು ಕಣ್ರೀ. ಸುಮ್ನೆ ಹೆಂಡ್ತಿ ಮೇಲೆ ರೇಗಿದೆ. ಹದಿನೈದು ದಿನ ನಿಮ್ಮನೆಯವರೇ ರುಚಿ ನೋಡ್ಲಿ. ಅಷ್ಟರಲ್ಲಿ ನಿಮ್ಮ ನಾಲಿಗೆ ವಾಪಸ್ ಬರ್ಲಿಲ್ಲ ಅಂದ್ರೆ ಬೇರೆಯವರನ್ನ ಹಾಕ್ಬೇಕಾಗುತ್ತೆ.”

ಪೈಪು ಸರಿಹೋಯಿತು, ಬಂದವರು ಮತ್ತೆ ಮೂಗು ಹಿಡಿದುಕೊಂಡರು. ರಿಜಿಸ್ಟರಿನಲ್ಲಿ ದಿನವೂ ಹೆಂಡತಿಯ ದುಂಡು ಅಕ್ಷರ: ‘ಥೂ. ಎಂದಿನಂತೆ.’

ನೆಗಡಿ ಹೋದರೂ ರುಚಿ ಬರಲಿಲ್ಲ. ಕೊಟ್ಟ ಟೀಯನ್ನು ಅವನು ತುಟಿಪಿಟಕ್ಕೆನ್ನದೆ ಕುಡಿಯುತ್ತಿದ್ದ. ಅದನ್ನು ನೋಡಿದಾಗಲೆಲ್ಲ ಅವಳು ಮರುದಿನದ ಟೀಗೆ ಇನ್ನೊಂದು ಚಮಚ ಸಕ್ಕರೆ ಹಾಕುತ್ತಿದ್ದಳು.

ಹದಿನಾಲ್ಕನೆಯ ದಿನ ಬೆಳಗ್ಗೆ ಅವನು ಒಂದು ಗುಟುಕು ಕುಡಿದು ನಿಲ್ಲಿಸಿದ. ಬಾಯಲ್ಲಿ ಹೊರಳಾಡಿಸಿದ. ಹುಬ್ಬು ಗಂಟಿಕ್ಕಿದ.

“ಏನೇ ಇದು, ಸಕ್ಕರೆ ಜಾಸ್ತಿ!”

ಅವಳು ಒಲೆ ಆರಿಸಿ ಬಂದು ಅವನ ಎದುರು ಕೂತಳು. ಕಣ್ಣೊರೆಸಿಕೊಂಡು, “ಇನ್ನೊಂದ್ಸಲ ಹೇಳಿ” ಎಂದಳು.