ಮುಟ್ಟು ಮುಂದ ಹಾಕೋ ಗುಳಿಗಿ

ನಿನ್ನೆ ಸುರಪುರದ ಔಷಧ ಅಂಗಡ್ಯಾಗ ಅಂಗಡಿಯಾಂವ ಗುಳಿಗಿ ಹಾಳಿ ಕರಕರ ಕತ್ತರಿಸಿದ. ಆ ಸಪ್ಪಳಕ್ಕ ನಾ ಗಕ್ಕನ ತಿರುಗಿ ನೋಡಿದೆ. ಬಾಜೂಕ ನಿಂತ ಹೆಣ್ಮಗಳು "ಇನ್ನೊಂದು ಹಾಳಿ ಕೊಡ್ರಿ" ಅಂತ ಕೇಳಿದ್ದು ಮುಟ್ಟು ಮುಂದ ಹಾಕೋ ಗುಳಿಗಿ.

ಶಹಾಪುರದಾಗ ನಮ್ಮ ಬಾಜೂ ಮನಿ ವೈನಿನೂ ಇವನ್ನೇ ತಗೊಂಡಿದ್ಳು. ನಾನಾಗ ಕಾಲೇಜಿನ್ಯಾಗ ವಿಜ್ಞಾನ ಓದಾಕತ್ತಿದ್ದೆ. ವೈನಿ ಬಾಯಿ ಅಂದ್ರ ಬಾಯಿ! ಅರಬಿ ಒಣಗ ಹಾಕ್ಕೋತ, ಗ್ವಾಡಿ ಮ್ಯಾಲಿಂದ ಓಣಿ ಸುದ್ದಿಯೆಲ್ಲಾ ಹೇಳಾಕಿ. "ಏ ಡಾಕ್ಟರಮ್ಮ" ಅಂತ ನನ್ನ ಚಾಷ್ಟಿ ಮಾಡಾಕಿ...

ಆ ಸಲ ಶ್ರಾವಣ ಪೂರ್ತಿ ಅವರ ಮನ್ಯಾಗ ಪೂಜಿ. ನೈವೇದ್ಯ ಮಾಡಾಕ ಈಕಿ ಒಬ್ಬಾಕಿನ. "ನಾ ಹೊರಗ ಕೂತ್ರ ದೇವರಿಗೆ ಯಾರವಾ ಮಾಡಿ ಹಾಕೋರು?" ಅಂತ, ನಾಕೈದು ದಿನಕ್ಕಂತ ತಂದ ಗುಳಿಗಿ ಮತ್ತ ಮತ್ತ ತರಿಸಿ, ನನ್ನ ಮುಂದನ ಹಾಳಿ ಕರಕರ ಹರದು ನುಂಗಿದ್ಳು. ಯಾವ ಡಾಕ್ಟರಿಗೂ ಕೇಳಲಿಲ್ಲ. ತಲಿನೋವು ಶುರುವಾತು. "ಉಪಾಸ ಇದ್ದೀನಲ್ಲ, ಅದಕ್ಕ ಆಗ್ಯಾದ ಬಿಡು" ಅಂತ ನಗತಿದ್ಳು.

ಒಂದು ಮಧ್ಯಾಹ್ನ ಗ್ವಾಡಿ ಹಂತ್ಯಾಕ ನಿಂತು ಮಾತಾಡಾಕತ್ತಾಕಿ ನಡುವ ತಡದ್ಳು. ಬಾಯಿ ಒಂದು ಕಡೆ ಹೊರಳಿತು. ಧೊಪ್ಪಂತ ಬಿದ್ದು ಕೈಕಾಲು ಬಡಿಯಾಕತ್ತಿದ್ಳು. ಮಂದಿ "ಗಾಳಿ ಸೋಕ್ಯಾದ" ಅಂತ ಬೇವಿನ ತಪ್ಪಲ ತಂದ್ರು. ಕಡೀಕ ಕಲಬುರಗಿಗೆ ಒಯ್ದ್ರು. ಮೆದುಳಿನ ರಕ್ತನಾಳದಾಗ ರಕ್ತ ಹೆಪ್ಪುಗಟ್ಯಾದ, ಗುಳಿಗ್ಯಾಗಿನ ಹಾರ್ಮೋನು, ಉಪಾಸ ಎರಡೂ ಕೂಡಿ ಹಿಂಗಾಗಿರಬೇಕು ಅಂದ್ರು ಡಾಕ್ಟ್ರು.

ನೋಡಾಕ ಹೋದೆ. ವೈನಿ ನನ್ನ ನೋಡಿ ಬಾಯಿ ತೆರದ್ಳು. ಅಷ್ಟು ಮಾತಿನ ಹೆಂಗಸಿಗೆ ಒಂದು ಮಾತೂ ಬರಲಿಲ್ಲ... ಕಣ್ಣಾಗ ಬರೇ ಅಂಜಿಕಿ. ಆಕಿ ಮನಿಗೆ ತಿರುಗಿ ಬರಲೇ ಇಲ್ಲ. ಆ ಅಂಜಿಕಿ ಮಾತ್ರ ನನಗ ಹತ್ತಿಬಿಡ್ತು.

ಔಷಧ, ಹಾರ್ಮೋನು ಮೆದುಳಿಗೆ ಏನು ಮಾಡ್ತಾವ ಅಂತ ಸಂಶೋಧನಾ ಮಾಡೋದೇ ಈಗ ನನ್ನ ಕೆಲಸ. ಹಂಗಾಗೋದು ಭಾಳ ಅಪರೂಪ ಅಂತ ನನಗ ಗೊತ್ತದ. ಗೊತ್ತಿದ್ರೂ ಆ ಹಾಳಿ ಸಪ್ಪಳ ಕೇಳಿದ್ರ ಇವತ್ತಿಗೂ ಅದೇ ಅಂಜಿಕಿ ಬರ್ತದ.

"ತಲಿ ನೋಯ್ತದೇನವಾ?" ಅಂತ ಆ ಹೆಣ್ಮಗಳಿಗೆ ಕೇಳಿದೆ.

"ಹೂಂ ರೀ, ಒಂದು ವಾರಾತು. ಉಪಾಸ ಇದ್ದೀನಲ್ಲ, ಅದಕ್ಕ ಆಗ್ಯಾದ" ಅಂತ ನಕ್ಕಳು.

ಗಪ್ಪನ ಆಕಿ ಕೈ ಹಿಡಕೊಂಡೆ. "ನಡಿ, ಈಗ ದವಾಖಾನಿಗೆ ನಡಿ." ಆಕಿ ಗಾಬರ್ಯಾಗಿ ಕೊಸರಿದ್ಳು. ಅಂಗಡಿಯಾಂವ "ಯಾಕ್ರೀ ಅಕ್ಕಾ, ಏನಾತು?" ಅಂದ. ಮಂದಿ ನೋಡಾಕತ್ತಿದ್ರು. ನೋಡ್ಲಿ ಬಿಡು, ನಾ ಕೈ ಬಿಡಲಿಲ್ಲ.

ವೈನಿ ಕೈ ಹಿಂಗ ಯಾರರ ಹಿಡದಿದ್ರ...