ರೆಕ್ಕೆಗೆ ಗವಸು ಹೊಲಿದ ಸೋದರತ್ತೆ

ನಮ್ಮ ಊರಿನಲ್ಲಿ ಮೊಟ್ಟಮೊದಲು ಹಾರಿದ ವಿಮಾನಕ್ಕೆ ಬಟ್ಟೆ ಹೊಲಿದವಳು ನನ್ನ ಸೋದರತ್ತೆ. ಆ ಕಾಲದ ವಿಮಾನವೆಂದರೆ ಮರದ ಚೌಕಟ್ಟು, ತಂತಿ, ಮೇಲೆ ಬಿಗಿದ ಬಟ್ಟೆ, ಅಷ್ಟೇ. ಅದನ್ನು ಕಟ್ಟಿದವನು ಸೈಕಲ್ ರಿಪೇರಿಯವನು. ಊರವರು ಅವನನ್ನು ಗಾಳಿರಾಯ ಎಂದು ಕರೆದು ನಗುತ್ತಿದ್ದರು.

ಅತ್ತೆಯದು ಶಾಲೆಯ ಮಕ್ಕಳ ಬಟ್ಟೆ ಹೊಲಿಯುವ ಕೆಲಸ. ಕಿಟಕಿಯ ಪಕ್ಕದಲ್ಲಿ ಯಂತ್ರ, ಕಾಲ ಬುಡದಲ್ಲಿ ಚಿಂದಿಯ ರಾಶಿ, ತುಟಿಗಳ ನಡುವೆ ಸದಾ ಎರಡು ಗುಂಡುಸೂಜಿ. ಗಾಳಿರಾಯ ತಂದುಕೊಟ್ಟ ಅಳತೆ ನೋಡಿ ಎಂಟು ದಿನಗಳಲ್ಲಿ ಎರಡೂ ರೆಕ್ಕೆಗಳಿಗೆ ಗವಸು ಹೊಲಿದಳು.

ಹಾರುವ ಹಿಂದಿನ ದಿನ ಬೆಳಗ್ಗೆ ಅವನ ಶೆಡ್ಡಿನಲ್ಲಿ ತೊಡಿಸಿ ನೋಡಿದರೆ ಗವಸು ಜೋಲಾಡಿತು.

“ಇದೇನಕ್ಕ, ನಾಲ್ಕು ಬೆರಳು ಹೆಚ್ಚಿಗೆ ಬಿಟ್ಟಿದ್ದೀಯ?”

“ಮುಂದಿನ ವರ್ಷಕ್ಕೂ ಬರಲಿ ಅಂತ ಬಿಟ್ಟೆ ಕಣೋ.”

“ಇದೇನು ಬೆಳೆಯೋ ಮಗುನಾ? ಸಡಿಲ ಇದ್ರೆ ಗಾಳಿ ತುಂಬ್ಕೊಂಡು ಹರಿದುಹೋಗುತ್ತೆ. ನಾನು ನೇರ ಕೆಳಗೆ.”

“ಹಾಗಾದ್ರೆ ನಾಳೆ ಹಾರಬೇಡ.”

“ಊರಿಗೆಲ್ಲ ಹೇಳ್ಬಿಟ್ಟಿದ್ದೀನಿ. ಹಾರದಿದ್ರೆ ಇನ್ನೊಂದು ಹೆಸರಿಡ್ತಾರೆ.”

ತನ್ನ ಹೊಲಿಗೆಯ ಮೇಲೆ ಒಬ್ಬನ ಜೀವ ನಿಂತಿದೆಯೆಂಬುದು ಅತ್ತೆಗೆ ಹೊಳೆದದ್ದು ಆಗ. ಹಾಕಿದ ಹೊಲಿಗೆಯನ್ನೆಲ್ಲ ಬಿಚ್ಚಿ, ಬಟ್ಟೆಯನ್ನು ಚೌಕಟ್ಟಿನ ಮೇಲೆಯೇ ಎಳೆದು ಹಿಡಿದು, ಕೈಯಿಂದ ಹೊಲಿಯತೊಡಗಿದಳು. ಮಧ್ಯಾಹ್ನ ಮಾವ ಹುಡುಕಿಕೊಂಡು ಬಂದರು.

“ನಮ್ಮ ಮನೆ ಒಲೆಗೂ ರೆಕ್ಕೆ ಬಂದು ಹಾರಿಹೋಯ್ತೇನೆ?”

“ಹಸಿವಾಗಿದ್ರೆ ಈ ತುದಿ ಹಿಡ್ಕೊಳ್ಳಿ, ಬೇಗ ಮುಗಿಯುತ್ತೆ.”

ಮಾವ ಗೊಣಗುತ್ತಲೇ ಹಿಡಿದುಕೊಂಡರು. ಹೊತ್ತು ಮುಳುಗುವವರೆಗೂ ಬಿಡಲಿಲ್ಲ. ಕೊನೆಗೆ ಗಾಳಿರಾಯ ಬೆರಳಿನಿಂದ ತಟ್ಟಿ ನೋಡಿದಾಗ ಬಟ್ಟೆ ತಮಟೆಯಂತೆ ಸದ್ದು ಮಾಡಿತು.

ಮರುದಿನ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ವಿಮಾನ ಕೆಮ್ಮಿತು, ಕುಂಟುತ್ತಾ ಓಡಿತು, ನೆಲ ಬಿಟ್ಟಿತು. ಜನ ಬಾಯಿ ತೆರೆದುಕೊಂಡು ಗಾಳಿರಾಯನನ್ನು ನೋಡಿದರು. ಅತ್ತೆ ನೋಡಿದ್ದು ಎಡರೆಕ್ಕೆಯ ಅಂಚನ್ನು ಮಾತ್ರ. ಅದನ್ನು ಹೊಲಿಯುವಾಗ ಬೆಳಕು ಕಡಿಮೆಯಿತ್ತು. “ಆರು ನಿಮಿಷ ನಾನು ಉಸಿರಾಡಿದೆನೋ ಇಲ್ಲವೋ, ನಿಮ್ಮ ಮಾವನ್ನೇ ಕೇಳು,” ಎಂದು ನನಗೆ ಎಷ್ಟೋ ಸಲ ಹೇಳಿದ್ದಾಳೆ.

ವಿಮಾನ ಎರಡು ಸಲ ಕುಪ್ಪಳಿಸಿ ನಿಂತಿತು. ಜನ ನುಗ್ಗಿ ಗಾಳಿರಾಯನನ್ನು ಹೆಗಲ ಮೇಲೆ ಹೊತ್ತರು. ಅತ್ತೆ ಅತ್ತ ಹೋಗಲೇ ಇಲ್ಲ. ಎಡರೆಕ್ಕೆಯ ಹೊಲಿಗೆಯ ಮೇಲೆ ಈ ತುದಿಯಿಂದ ಆ ತುದಿಗೆ ಬೆರಳಾಡಿಸಿದಳು. ಒಂದೆಳೆಯೂ ಬಿಟ್ಟಿರಲಿಲ್ಲ. ಆಮೇಲೆ ಸೆರಗು ಸಿಕ್ಕಿಸಿಕೊಂಡು, ರೆಕ್ಕೆಗೆ ಒರಗಿ ನಿಂತಿದ್ದವರನ್ನು ಅಟ್ಟತೊಡಗಿದಳು.

“ದೂರ ನಿಲ್ರಪ್ಪ. ಅವನು ನಾಳೆಯೂ ಹಾರ್ಬೇಕು.”