ಶಾಂತವ್ವನ ಪಂಪು, ಸೂರ್ಯನ ಗದ್ದಲ

ನಿವೃತ್ತಿಗೆ ಎರಡು ವರ್ಷ ಬಾಕಿಯಿದ್ದಾಗ ನನ್ನನ್ನು ಮುಳಗುಂದದ ಸಮೀಪದ ಸಣ್ಣ ಸೌರ ರೇಡಿಯೋ ಕೇಂದ್ರಕ್ಕೆ ಹಾಕಿದರು. ಕರಿಮಣ್ಣಿನ ಎರಿಹೊಲಗಳ ನಡುವೆ ಎಂಟು ಆಂಟೆನಾ, ಒಂದು ಕೋಣೆ, ನಾನು. ಸೂರ್ಯನಲ್ಲಿ ಸ್ಫೋಟವಾದಾಗ ಹೊಮ್ಮುವ ರೇಡಿಯೋ ಅಲೆಗಳನ್ನು ದಾಖಲಿಸುವುದು ಕೆಲಸ. ಆದರೆ ಅಲ್ಲಿ ಅಲೆ ಹಿಡಿಯುವುದಕ್ಕಿಂತ ಅನುಮಾನ ಪಡುವುದೇ ದೊಡ್ಡದು. ಬೈಕು, ವೆಲ್ಡಿಂಗು, ಕೆಟ್ಟ ಟ್ಯೂಬ್‌ಲೈಟು, ಎಲ್ಲವೂ ಸೂರ್ಯನ ವೇಷ ಹಾಕಿ ಬರುತ್ತವೆ. ನಾನೋ ಹುಟ್ಟಾ ಸಂಶಯದವನು. ಹಾಲು ಹಾಕುವವನನ್ನೂ ಬಿಟ್ಟವನಲ್ಲ.

ದೀಪಾವಳಿ ಮುಗಿದ ಮೇಲೆ ದಿನಾ ಬೆಳಿಗ್ಗೆ ಹತ್ತಕ್ಕೆ ನನ್ನ ಪರದೆಯ ಮೇಲೆ ಇಂಥ ಗದ್ದಲ ಶುರುವಾಯಿತು. ಕಳ್ಳನನ್ನು ಹಿಡಿಯುವುದು ಕಷ್ಟವಾಗಲಿಲ್ಲ. ಹತ್ತಕ್ಕೆ ಹೊಲದ ಪಂಪುಗಳಿಗೆ ತ್ರೀಫೇಸ್ ಕರೆಂಟು ಬರುತ್ತಿತ್ತು. ಪಕ್ಕದ ಹೊಲದ ಶಾಂತವ್ವ, ಅಲ್ಲಿಯ ಎಲ್ಲರಂತೆ, ಕರೆಂಟು ಬಂದೊಡನೆ ಪಂಪು ತಾನೇ ಓಡಲೆಂದು ಆಟೋ ಸ್ಟಾರ್ಟರ್ ಹಾಕಿಸಿದ್ದಳು. ಅದರ ಸವೆದ ಕಾಂಟ್ಯಾಕ್ಟುಗಳಿಂದ ಕಿಡಿ ಹಾರುತ್ತಿತ್ತು, ಕಿಡಿ ಹಾರಿದರೆ ನನ್ನ ಪರದೆ ಕೆಡುತ್ತಿತ್ತು. ರಿಪೇರಿ ಮಾಡಿಸಲು ಹೇಳಿದೆ. ಮೂರನೇ ದಿನ ಬೇಲಿಯ ಆಚೆಯಿಂದ, "ರಿಪೇರಿ ಆತ್ರಿ ಸಾಹೇಬ್ರ, ಇನ್ನ ನಿಶ್ಚಿಂತಿ ಇರ್ರಿ" ಅಂದಳು.

ಮರುದಿನ ಹತ್ತರ ಹೊತ್ತಿಗೆ ಪರದೆ ಮತ್ತೆ ಬೆಳಗಿತು. ನನಗೆ ಮೈಯೆಲ್ಲ ಉರಿಯಿತು. ಕಣ್ಣಿಗೆ ಮಣ್ಣೆರಚಿದಳಲ್ಲ! ಆ ದಾಖಲೆಗೆ 'ಸ್ಥಳೀಯ ಗದ್ದಲ, ತೆಗೆದುಹಾಕಿ' ಎಂದು ಗುರುತು ಹಾಕಿದೆ. ಅವಳ ಪಂಪಿನ ಸಂಪರ್ಕ ಕಡಿಸಬೇಕೆಂದು ವಿದ್ಯುತ್ ಕಚೇರಿಗೆ ಅರ್ಜಿ ಬರೆದು, ಅದನ್ನು ಹಿಡಿದುಕೊಂಡೇ ಹೊಲಕ್ಕೆ ಹೋದೆ. ಮೆಣಸಿನ ಗಿಡ ಹೂ ಹಿಡಿದಿತ್ತು. ನೀರು ತಪ್ಪಿದರೆ ಹೂವೆಲ್ಲ ಉದುರುತ್ತದೆಂದು ನನಗೂ ಗೊತ್ತಿತ್ತು.

ಅರ್ಜಿಯಲ್ಲಿರುವುದನ್ನು ಹೇಳಿದೆ. ಆಕೆ ಸಲಿಕೆ ಕೆಳಗಿಟ್ಟಳು.

"ಇವತ್ತ ಕರೆಂಟ ಎಲ್ಲೈತ್ರಿ? ಲೈನ್ ರಿಪೇರಿ ಅಂತ ಮುಂಜಾನಿಂದ ತಗದಾರ. ನನ್ನ ಪಂಪ್ ಹೆಂಗ ಗದ್ದಲಾ ಮಾಡೀತು?"

ನಂಬಲಿಲ್ಲ. ನೀರಿನ ಕಾಲುವೆಗೆ ಕೈ ಹಾಕಿದೆ, ಒಣಮಣ್ಣು. ಸ್ಟಾರ್ಟರ್ ಪೆಟ್ಟಿಗೆಯ ಒಂದು ದೀಪವೂ ಉರಿಯುತ್ತಿರಲಿಲ್ಲ. ಮುಚ್ಚಳ ತೆಗೆಸಿದೆ. ಒಳಗೆ ಹೊಸ ಕಾಂಟ್ಯಾಕ್ಟುಗಳು ಹೊಳೆಯುತ್ತಿದ್ದವು. ನನ್ನ ಕೇಂದ್ರ ನಡೆಯುತ್ತಿದ್ದುದು ಬ್ಯಾಟರಿಯ ಮೇಲೆ, ಹಾಗಾಗಿ ಕರೆಂಟು ಹೋದದ್ದೇ ನನಗೆ ತಿಳಿದಿರಲಿಲ್ಲ.

ಓಡಿಬಂದು ಪರದೆ ನೋಡಿದೆ. ಕಿಡಿಯ ಗದ್ದಲ ಎಲ್ಲ ಫ್ರೀಕ್ವೆನ್ಸಿಗಳಲ್ಲೂ ಒಮ್ಮೆಗೇ ಬಂದು ನೆಟ್ಟಗಿನ ಗೆರೆ ಎಳೆಯುತ್ತದೆ. ಇದು ಎಂಬತ್ತು ಮೆಗಾಹರ್ಟ್ಸ್‌ನಿಂದ ನಲವತ್ತಕ್ಕೆ ಏಳು ನಿಮಿಷ ಹಿಡಿದು ಓರೆಯಾಗಿ ಇಳಿದಿತ್ತು. ಸ್ಫೋಟದ ಆಘಾತ ಅಲೆ ಸೂರ್ಯನಿಂದ ದೂರ ಸರಿಯುತ್ತ ಎಲೆಕ್ಟ್ರಾನುಗಳನ್ನು ವೇಗಕ್ಕೆ ತಳ್ಳುತ್ತದೆ. ಸುತ್ತಲಿನ ಕಾದ ಅನಿಲ, ಅಂದರೆ ಪ್ಲಾಸ್ಮಾ, ತೆಳುವಾದಂತೆ ಅವುಗಳಿಂದ ಹೊಮ್ಮುವ ಅಲೆಯ ಫ್ರೀಕ್ವೆನ್ಸಿಯೂ ಇಳಿಯುತ್ತದೆ. ಇದಕ್ಕೆ ಟೈಪ್ ಟು ಎನ್ನುತ್ತೇವೆ. ಅಲ್ಲಿದ್ದಷ್ಟು ದಿನ ನನಗೆ ಸಿಕ್ಕ ಅತ್ಯಂತ ಸ್ಪಷ್ಟ ದಾಖಲೆ ಅದೇ. ಸಿಟ್ಟಿನಲ್ಲಿ ನಾನು ಗೆರೆಯ ಓರೆಯನ್ನೇ ನೋಡಿರಲಿಲ್ಲ.

ಹಾಕಿದ್ದ ಗುರುತು ಅಳಿಸಿ ಮತ್ತೆ ಹೊಲಕ್ಕೆ ಹೋದೆ. ಗದ್ದಲ ಸೂರ್ಯನದು, ತಪ್ಪು ನನ್ನದು ಎಂದು ಹೇಳಿ ಅರ್ಜಿಯನ್ನು ಅವಳೆದುರೇ ಹರಿದೆ.

"ಆತು ಬಿಡ್ರಿ" ಅಂದಳು ಶಾಂತವ್ವ. "ಈಗ ಸೂರ್ಯಪ್ಪನ ಕನೆಕ್ಷನ್ ಕಡಸಾಕ ಯಾವ ಆಫೀಸಿಗಿ ಅರ್ಜಿ ಕೊಡ್ತೀರಿ?"

ನಗು ಬಂತು, ತಲೆ ಎತ್ತಲಾಗಲಿಲ್ಲ. ನಮ್ಮ ಕಸುಬಿಗೆ ಸಂಶಯ ಬೇಕೇ ಬೇಕು. ನಾನು ಮಾತ್ರ ಅದನ್ನು ಅಷ್ಟು ವರ್ಷ ಬರೀ ಪರರ ಮೇಲೆ ಸುರಿದಿದ್ದೆ. ಅಂದಿನಿಂದ ನಿವೃತ್ತಿಯ ದಿನದವರೆಗೆ, 'ತೆಗೆದುಹಾಕಿ' ಎಂದು ಬರೆಯುವ ಮೊದಲು ಬೇಲಿಯ ಹತ್ತಿರ ಹೋಗಿ ಕೂಗುತ್ತಿದ್ದೆ: "ಶಾಂತವ್ವಾ, ಕರೆಂಟ ಐತೇನವಾ?"